ಸಾರಿ ಸಾಹೇಬರ ಸ್ಟೀರಿಂಗ್

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ ಅವಳು ತಿಂಡಿಗೆಂದು ಊಟದ ಮೇಜಿನ ಮುಂದೆ ಬಂದು ಕೂತಳು. ಕೂತ ಮೇಲೆ ಗೊತ್ತಾಯಿತು, ಕೂತದ್ದು ಗಂಡನ ಕುರ್ಚಿಯಲ್ಲಿ. ಎದುರಿಗೆ ತಟ್ಟೆ ಇಡಲು ಜಾಗವಿರಲಿಲ್ಲ. ಅಲ್ಲೊಂದು ಸ್ಟೀರಿಂಗ್ ಇತ್ತು.

ನಿಜವಾದ ಕಾರಿನದ್ದಲ್ಲ, ವಿಡಿಯೊ ಗೇಮಿನದ್ದು. ಎರಡು ಹಿಡಿಕೆಗಳಿಂದ ಮೇಜಿನ ಅಂಚನ್ನು ಕಚ್ಚಿ ಹಿಡಿದು ಕೂತಿತ್ತು. ಮೇಜಿನ ಕೆಳಗೆ ಅದರ ಪೆಡಲುಗಳು. ಸಾವಿನ ದಿನ ಯಾರೋ ಅದಕ್ಕೊಂದು ಟವೆಲ್ಲು ಹೊದಿಸಿದ್ದರು. ಬಂದವರೆಲ್ಲ ಆ ಟವೆಲ್ಲಿನ ಮೇಲೆ ತಮ್ಮ ಕನ್ನಡಕ, ಬೀಗದ ಕೈ ಇಡುತ್ತಿದ್ದರು, ಒಬ್ಬ ದೊಡ್ಡಪ್ಪ ತಮ್ಮ ಹಲ್ಲಿನ ಸೆಟ್ಟನ್ನೂ ಇಟ್ಟು ಮರೆತು ಹೋಗಿದ್ದರು. ಟವೆಲ್ಲಿನ ಕೆಳಗೇನಿದೆ ಎಂದು ಒಬ್ಬರೂ ಕೇಳಿರಲಿಲ್ಲ. ಇವತ್ತು ಅತ್ತೆ ಟವೆಲ್ಲನ್ನು ಒಗೆಯಲು ಹಾಕಿದ್ದರು.

"ಎತ್ತಿಟ್ಟುಬಿಡ್ಲಾ?" ಎಂದು ಕೇಳಿದರು ಅತ್ತೆ.

"ಇರಲಿ ಬಿಡಿ ಅತ್ತೆ."

ಬೇಕು ಅಂತಲ್ಲ. ಬೇಡ ಅನ್ನುವುದಕ್ಕೂ ಒಂದಿಷ್ಟು ತ್ರಾಣ ಬೇಕಾಗುತ್ತದೆ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬ್ರೆಡ್ಡು ಅಗಿದಳು. ರುಚಿಯಿರಲಿಲ್ಲ. ಯಾವುದಕ್ಕೂ ಇರಲಿಲ್ಲ. ಅವಳು ಅತ್ತಿರಲೂ ಇಲ್ಲ. ನೆಂಟರ ಪೈಕಿ ಇಬ್ಬರು ಅದನ್ನು ಲೆಕ್ಕವಿಟ್ಟು, ಬಾಗಿಲ ಹಿಂದೆ ನಿಂತು ಪಿಸುಗುಟ್ಟಿದ್ದು ಅವಳ ಕಿವಿಗೂ ಬಿದ್ದಿತ್ತು.

"ಎತ್ತಿಡೋದಾದ್ರೂ ಹುಷಾರಾಗಿ ಎತ್ತಿಡಬೇಕು," ಅತ್ತೆ ಚಹಾ ಸೋಸುತ್ತ ಅಂದರು. "ಅದು ನಮ್ಮದಲ್ಲ. ನಮ್ಮದರ ಮೇಲೆ ನಾನು ಚಹಾ ಚೆಲ್ಲಿದ್ನಲ್ಲ, ಆಮೇಲೆ ಯಾರ ಹತ್ರಾನೋ ಕೇಳಿ ತಂದ. ಸೀಸನ್ ಮುಗಿದ ಮೇಲೆ ವಾಪಸ್ ಕೊಡ್ತೀನಿ ಅಂದಿದ್ದ."

"ಯಾರ ಹತ್ರ?"

"ಹೇಳಿದ್ರೆ ನೀನು ನಗ್ತೀಯ ಅಂದ. ಹೇಳ್ಲಿಲ್ಲ."

ಗಂಡ ಲಿಫ್ಟ್ ಮೆಕ್ಯಾನಿಕ್. ಬಸ್ಸಿಗೆ ಕಾಯುತ್ತ ನಿಂತವನು ಅಲ್ಲೇ ಕುಸಿದು ಕೂತಿದ್ದ. ಬಸ್ಸು ಬರುವ ಮೊದಲೇ ಎಲ್ಲ ಮುಗಿದಿತ್ತು. "ವಾರವಿಡೀ ಮೇಲೆ ಕೆಳಗೆ ಹೋಗಿ ಬರೋನಿಗೆ ಭಾನುವಾರ ಸ್ವಲ್ಪ ಮುಂದಕ್ಕೂ ಹೋಗಬೇಕು ಅನ್ಸುತ್ತೆ" ಅನ್ನುತ್ತಿದ್ದ. ಮುಂದಕ್ಕೆ ಹೋಗುವುದಕ್ಕೆ ಒಂದು ಆನ್‌ಲೈನ್ ಲೀಗ್ ಇತ್ತು. ಇಪ್ಪತ್ತು ಚಿಲ್ಲರೆ ಜನ ಭಾನುವಾರ ಮಧ್ಯಾಹ್ನ ತಂತಮ್ಮ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಏರಿಸಿ, ಒಂದೇ ಟ್ರ್ಯಾಕಿನಲ್ಲಿ ಕಾರು ಓಡಿಸಿ, ಒಬ್ಬರನ್ನೊಬ್ಬರು ಬೈದು, ಸಂಜೆಗೆ ಸಮಾಧಾನವಾಗಿ ಎದ್ದು ಹೋಗುತ್ತಿದ್ದರು. ಎಲ್ಲರಿಗೂ ಅಡ್ಡಹೆಸರು. ಇವನದ್ದು ಸಾರಿ ಸಾಹೇಬ್ರು. ಯಾರನ್ನಾದರೂ ಹಿಂದಿಕ್ಕುವಾಗ ಮೈಕಿನಲ್ಲಿ ಮರೆಯದೆ 'ಸಾರಿ' ಅನ್ನುತ್ತಿದ್ದ, ಅದಕ್ಕೆ. ಹಿಂದಿಕ್ಕುವ ಸಂದರ್ಭಗಳೇ ಅಪರೂಪವಾಗಿದ್ದರಿಂದ ಆ ಹೆಸರು ಸವೆದಿರಲಿಲ್ಲ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅತ್ತೆ ಅಭ್ಯಾಸಬಲದಿಂದ ಅದನ್ನು ದಿನವೂ ಚಾರ್ಜಿಗೆ ಹಾಕುತ್ತಿದ್ದರು.

"ನಮಸ್ಕಾರಮ್ಮ. ನಾನು ಲೀಗ್ ನಡೆಸೋಳು," ಅಂದಿತು ಆ ಕಡೆಯ ದನಿ. ಎಷ್ಟು ಸ್ಪಷ್ಟವೆಂದರೆ ಇವಳಿಗೆ ಎದ್ದು ಪ್ಲಾಟ್‌ಫಾರ್ಮಿಗೆ ಓಡಬೇಕು ಅನ್ನಿಸಿತು. ಅನ್ನಿಸಿದ್ದು ತಪ್ಪೇನಲ್ಲ. ಆಕೆ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರು. ಲೀಗಿನವರಿಗೆಲ್ಲ ಅನೌನ್ಸರ್ ಅಕ್ಕ. "ಸಾವಿನ ಮನೆಗೆ ಫೋನ್ ಮಾಡಿ ಆಟದ ಮಾತಾಡ್ತಿದ್ದೀನಿ, ಬೈಬೇಡಿ. ಮೂರು ರೇಸ್ ಬಾಕಿ ಇದೆ. ಅವರ ಸೀಟು ಖಾಲಿ ಬಿಟ್ರೆ ನಮ್ಮ ನಿಯಮದ ಪ್ರಕಾರ ಅವರ ಈ ಸೀಸನ್ನಿನ ಫಲಿತಾಂಶ ಎಲ್ಲ ಅಳಿಸಿಹೋಗುತ್ತೆ. ಅರ್ಧಕ್ಕೆ ಬಿಟ್ಟೋರದ್ದೆಲ್ಲ ಹಾಗೇ. ಇದ್ರಲ್ಲಿ ಅವರು ಗೆದ್ದದ್ದೂ ಸೇರುತ್ತೆ. ಅದಕ್ಕೇ ಹೇಳೋಣ ಅಂತ."

ಗೆದ್ದದ್ದು. ಅವಳಿಗೆ ನೆನಪಾಯಿತು. ನಾಲ್ಕು ವರ್ಷ ಆಡಿ ಅವನು ಗೆದ್ದದ್ದು ಒಂದೇ ಒಂದು ರೇಸು, ಹೋದ ತಿಂಗಳು. ಗೆದ್ದವನು ಹೆಡ್‌ಫೋನ್ ಕಿತ್ತೆಸೆದು ಬರಿಗಾಲಲ್ಲಿ ಬೀದಿಯ ತುದಿಯವರೆಗೆ ಓಡಿದ್ದ. ಅಲ್ಲಿ ಏನು ಮಾಡಬೇಕೆಂದು ತೋಚದೆ ತಿರುಗಿ ಓಡಿಬಂದಿದ್ದ. ಅಂಗಾಲಿಗೆ ಗಾಜು ಚುಚ್ಚಿತ್ತು. ಅತ್ತೆ ಚಿಮಟಿಯಿಂದ ಅದನ್ನು ಕೀಳುತ್ತಿದ್ದರೆ ಇವನು "ಮೊದಲನೇ ಸ್ಥಾನ ಅಮ್ಮಾ, ಮೊದಲನೇ ಸ್ಥಾನ!" ಎಂದು ಕೂಗುತ್ತಿದ್ದ.

"ನೀವೇ ಮಾಡಿದ ನಿಯಮ ಅಲ್ವಾ? ಈ ಸಲಕ್ಕೆ ಬಿಟ್ಟುಬಿಡಿ," ಅಂದಳು.

"ಹೋದ ವರ್ಷ ಹೆರಿಗೆಗೆ ಹೋದವಳೊಬ್ಬಳದ್ದು ಅಳಿಸಿದ್ವಿ. ಈಗ ಹೇಗಮ್ಮ ಬಿಡೋದು?"

"ಹೆರಿಗೆಗೆ ಹೋದವಳದ್ದಾ?" ಫೋನಿಗೆ ಕಿವಿ ಹಚ್ಚಿ ನಿಂತಿದ್ದ ಅತ್ತೆ ಸಿಡಿದರು. ಅವರು ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. "ನಿಮ್ಮ ಲೀಗಿಗೆ ಅಕ್ಕ ತಂಗಿ ಯಾರೂ ಇಲ್ವಾ?"

"ತಪ್ಪಾಯ್ತಮ್ಮ, ಆಮೇಲೆ ನಾನೂ ಕಣ್ಣೀರು ಹಾಕಿದೆ," ಎಂದಿತು ಆ ಅಧಿಕೃತ ದನಿ. "ಆದ್ರೆ ಒಂದು ದಾರಿ ಇದೆ. ಬದಲಿ ಓಡಿಸಬಹುದು. ಹೊರಗಿನೋರಲ್ಲ, ಅದೇ ಮನೇಲಿರೋರು. ಒಬ್ಬ ಪುಣ್ಯಾತ್ಮ ಬಾಡಿಗೆ ಡ್ರೈವರನ್ನ ಕೂರಿಸಿದ್ದ, ಅದಕ್ಕೆ ಆ ನಿಯಮ. ಮೂರೂ ರೇಸಲ್ಲಿ ಗೆರೆ ದಾಟಿದ್ರೆ ಸಾಕು. ಎಷ್ಟನೇಯವರಾದ್ರೂ ಸರಿ. ಗೆದ್ದೋರು ದಾಟಿ ಐದು ನಿಮಿಷದೊಳಗೆ ದಾಟಬೇಕು, ಅಷ್ಟೆ."

"ಇಲ್ಲದಿದ್ರೆ ಅವರ ಗೆಲುವು ಯಾರಿಗೆ ಹೋಗುತ್ತೆ?"

"ಎರಡನೇ ಸ್ಥಾನದಲ್ಲಿದ್ದೋರಿಗೆ. ಬುಲ್ಡೋಜರ್‌ಗೆ."

ಬುಲ್ಡೋಜರ್! ಈ ಹೆಸರು ಅವಳಿಗೂ ಗೊತ್ತಿತ್ತು. ಈ ಸೀಸನ್ನಿನಲ್ಲಿ ಅವನು ಗುದ್ದದ ಕಾರಿಲ್ಲ, ಕಟ್ಟದ ದಂಡವಿಲ್ಲ ಎಂದು ಗಂಡ ದಿನವೂ ಹೇಳಿ ನಗುತ್ತಿದ್ದ.

ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಿಜವಾದದ್ದೂ ಬರುತ್ತಿರಲಿಲ್ಲ, ಸುಳ್ಳಿನದ್ದೂ ಬರುತ್ತಿರಲಿಲ್ಲ. ಹಾಗಂತ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡು, "ನನ್ನ ಸೊಸೆ ಓಡಿಸ್ತಾಳೆ. ಬರ್ಕೊಳ್ಳಿ," ಅಂದುಬಿಟ್ಟಿದ್ದರು.

ಮೊದಲ ತೊಂದರೆ ಕಾಲಿನದ್ದು. ಗಂಡ ಆರಡಿ, ಇವಳು ಐದಡಿ. ಪೆಡಲು ಎಟುಕಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದರೆ ಹೊಟ್ಟೆಗೆ ಸ್ಟೀರಿಂಗ್ ಒತ್ತುತ್ತಿತ್ತು. ಪೆಡಲಿನ ಕೆಳಗೆ ಇಡಲು ಗಟ್ಟಿಯಾದದ್ದು ಬೇಕಾಯಿತು. ಅತ್ತೆ ಮನೆಯೆಲ್ಲ ಹುಡುಕಿ, ಕಪಾಟಿನಿಂದ ದಪ್ಪ ರಟ್ಟಿನ ಎರಡು ಪುಸ್ತಕ ತಂದಿಟ್ಟರು. ಒತ್ತಿದರೆ ಅಲುಗಲಿಲ್ಲ. ಬಗ್ಗಿ ನೋಡಿದರೆ, ಅವಳ ಯೂನಿವರ್ಸಿಟಿಯ ಪ್ರಬಂಧ. ಕೆರೆಗಳ ಪಾಚಿಯ ಬಗ್ಗೆ ಮೂರು ವರ್ಷ ಸಂಶೋಧನೆ ಮಾಡಿ ಬರೆದದ್ದು, ಎರಡು ಸಂಪುಟ.

"ಅತ್ತೆ, ಇದು ನನ್ನ ಥೀಸಿಸ್!"

"ಗೊತ್ತು. ಇಷ್ಟು ವರ್ಷದಲ್ಲಿ ಯಾರಾದ್ರೂ ತೆರೆದ್ರಾ? ಇವತ್ತು ಕೆಲಸಕ್ಕೆ ಬಂತು."

ಉಳಿದದ್ದನ್ನು ಅವಳು ಮುಟ್ಟಲಿಲ್ಲ. ಆಟ ಶುರುವಾದೊಡನೆ ತೆರೆಯ ಮೇಲೆ ಅವನ ಹಳದಿ ಕಾರು ಬಂದು ನಿಂತಿತು. ಕನ್ನಡಿ ಎಷ್ಟು ವಾಲಿರಬೇಕು, ಬ್ರೇಕು ಎಷ್ಟು ಬಿಗಿ, ಟ್ಯಾಂಕಿಗೆ ಎಷ್ಟು ಪೆಟ್ರೋಲು, ಎಲ್ಲ ಅವನು ಇಟ್ಟಂತೆಯೇ ಇತ್ತು. 'ಬದಲಿಸಬೇಕೇ?' ಎಂದು ತೆರೆ ಕೇಳಿತು. 'ಬೇಡ' ಎಂದು ಒತ್ತಿದಳು. ಪ್ರತಿ ಸಲವೂ ಕೇಳಿತು, ಪ್ರತಿ ಸಲವೂ ಬೇಡ ಎಂದು ಒತ್ತಿದಳು. ಅವನ ಬಟ್ಟೆಯ ಕಪಾಟನ್ನೂ ಅವಳು ಹಾಗೇ ಬಿಟ್ಟಿದ್ದಳು.

ಅಭ್ಯಾಸದಲ್ಲಿ ಅವಳು ಒಂದೇ ಗೋಡೆಗೆ ಎಷ್ಟು ಸಲ ಗುದ್ದಿದಳೆಂದರೆ, ಅದು ನಿಜವಾದ ಗೋಡೆಯಾಗಿದ್ದರೆ ಆಚೆಗೊಂದು ದಾರಿಯಾಗುತ್ತಿತ್ತು. ತಿರುವು ಬಂತೆಂದು ಬ್ರೇಕು ಒತ್ತುವಷ್ಟರಲ್ಲಿ ತಿರುವು ಹಿಂದೆ ಹೋಗಿರುತ್ತಿತ್ತು. ಕಾರು ಜಾರಿ ಜಾರಿ ಹುಲ್ಲಿಗೆ ಹೋಗುತ್ತಿತ್ತು.

"ಯಾಕೆ ಹೀಗೆ ಜಾರುತ್ತೆ?" ಎಂದು ಹಲ್ಲು ಕಚ್ಚಿದಳು.

"ಪಾಚಿ ಮೇಲೆ ಕಾಲಿಟ್ಕೊಂಡು ಕೂತಿದ್ದೀಯ, ಜಾರದೆ ಇನ್ನೇನಾಗುತ್ತೆ?"

ಗಂಟಲಲ್ಲಿ ಏನೋ ಕಿಸಕ್ಕೆಂದಿತು. ಕೆಮ್ಮಿರಬೇಕು ಅಂದುಕೊಂಡಳು.

ಮೊದಲ ಭಾನುವಾರ ಬಂತು. ಅತ್ತೆಗೂ ಕೇಳಲೆಂದು ಸ್ಪೀಕರನ್ನೂ ತೆರೆದಿಟ್ಟು ಹೆಡ್‌ಫೋನ್ ಹಾಕಿಕೊಂಡರೆ ಸಂತೆಯೊಳಗೆ ಹೊಕ್ಕಂತಾಯಿತು. ಇವಳು "ಹಲೋ" ಎಂದದ್ದೇ ತಡ, ಇಡೀ ಸಂತೆ ಗಪ್‌ಚಿಪ್. ಕಡೆಗೆ ಒಂದು ಒರಟು ದನಿ, "ಮೇಡಂ, ನಮಸ್ಕಾರ. ನಾನು ಬುಲ್ಡೋಜರ್. ನನ್ನಿಂದ ದೂರ ಇರಿ," ಅಂದಿತು.

"ಇದೇನು ಬೆದರಿಕೆನಾ?" ಅತ್ತೆ ಪಕ್ಕದಿಂದ ಮೈಕಿಗೆ ಬಾಯಿ ಹಾಕಿದರು.

"ಅಲ್ಲಮ್ಮ, ಎಚ್ಚರಿಕೆ. ಬ್ರೇಕು ನನ್ನ ಕೈಲಿಲ್ಲ."

"ದಯವಿಟ್ಟು ಗಮನಿಸಿ," ಎಂದಿತು ಅನೌನ್ಸರ್ ಅಕ್ಕನ ದನಿ. "ಹಳದಿ ಕಾರು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ."

ಹಳದಿ ಕಾರು ಹೊರಟಿತು, ಹಿಂದಕ್ಕೆ. ಗೇರು ಉಲ್ಟಾ ಬಿದ್ದಿತ್ತು. ಎಲ್ಲರೂ ಮುಂದಕ್ಕೆ ಚಿಮ್ಮಿದರೆ ಇವಳು ಹಿಂಬದಿಯ ಗೋಡೆಗೆ ಹೋಗಿ ಅಂಟಿಕೊಂಡಳು. ಅತ್ತೆಗೆ ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಸೊಸೆಯ ತೊಡೆಯ ಮೇಲೆ ಕೈಯಿಟ್ಟು, ಇಡೀ ಜೀವಮಾನ ಹೆರಿಗೆ ಕೋಣೆಯಲ್ಲಿ ಆಡಿದ ದನಿ ತೆಗೆದರು.

"ಗಾಬರಿ ಬೇಡ. ಉಸಿರು ಬಿಡು. ಬಾಯಲ್ಲಿ ಬಿಡು. ತಿರುವು ಬರ್ತಾ ಇದೆ... ಈಗ ಬೇಡ... ಈಗ ಒತ್ತಬೇಡ... ತಡ್ಕೋ, ತಡ್ಕೋ... ಹ್ಞಾಂ, ಈಗ! ಒತ್ತು! ಒತ್ತು ನನ್ನ ತಾಯಿ, ಒತ್ತು!"

ಅವಳು ಒತ್ತಿದಳು. ಕಾರು ತಿರುವಿನಿಂದ ಬಾಣದ ಹಾಗೆ ಹೊರಬಂತು. ಮುಂದಿನ ತಿರುವಿಗೂ ಅದೇ ಮಾತು, ಅದೇ ಒತ್ತು. ಇಡೀ ಲೀಗಿನ ಕಿವಿಯಲ್ಲಿ ಈ ಹೆರಿಗೆ ನಡೆಯುತ್ತಿದೆ ಎಂಬುದು ಇಬ್ಬರಿಗೂ ಮರೆತೇ ಹೋಗಿತ್ತು.

"ಅಮ್ಮಾ, ಸ್ವಲ್ಪ ಮೈಕ್ ಮುಚ್ಚಿ!" ಯಾರೋ ಗೋಗರೆದರು. "ನನ್ನ ಹೆಂಡ್ತಿ ಅಡುಗೆಮನೆಯಿಂದ ಓಡಿಬಂದ್ಲು, ಯಾರಿಗೆ ಹೆರಿಗೆ ಅಂತ!"

"ನಾನು ಅಮ್ಮ ಹೇಳಿದಾಗಲೆಲ್ಲ ಒತ್ತಿ ಗೋಡೆಗೆ ಗುದ್ದಿದೆ!" ಎಂದ ಇನ್ನೊಬ್ಬ.

"ನಿನಗೆ ಯಾರಪ್ಪ ಹೇಳಿದ್ದು? ನಿನ್ನ ದಿನ ಇನ್ನೂ ತುಂಬಿಲ್ಲ," ಅಂದರು ಅತ್ತೆ.

ಅವಳು ಎಲ್ಲರಿಗಿಂತ ಕೊನೆಗೆ, ಐದು ನಿಮಿಷದ ಗಡುವಿಗೆ ಒಂದು ಉಸಿರೆಳೆದುಕೊಳ್ಳುವಷ್ಟು ಹೊತ್ತು ಉಳಿದಿರುವಾಗ ಗೆರೆ ದಾಟಿದಳು. "ತಡವಾಗಿ ಬಂದ ಹಳದಿ ಕಾರಿನಿಂದ ಯಾರಿಗೂ ಅನಾನುಕೂಲವಾಗಿಲ್ಲ," ಎಂದು ಘೋಷಿಸಿದರು ಅನೌನ್ಸರ್ ಅಕ್ಕ. ಅವಳು ಹೆಡ್‌ಫೋನ್ ತೆಗೆದಳು. ಅತ್ತೆಯ ಮುಖ ನೋಡಿದಳು. ಅತ್ತೆ ಇವಳ ಮುಖ ನೋಡಿದರು. ಮೊದಲು ಅತ್ತೆಯ ಭುಜ ಕುಲುಕಿತು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಮೇಜಿನ ಮೇಲೆ ತಲೆಯಿಟ್ಟು, ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಷ್ಟು ನಕ್ಕರು. ನೋಡಿದವರು ಏನಂದುಕೊಂಡರೋ. ಮುಖ ಕಂಡದ್ದೇ ಕಿಟಕಿ ಮುಚ್ಚಿಕೊಂಡಿತು.

"ಅಯ್ಯೋ, ಜನ ಏನಂದ್ಕೊಳ್ತಾರೆ ಅತ್ತೆ!"

"ಅಂದ್ಕೊಳ್ಳಲಿ. ಅವನಿದ್ದಿದ್ರೆ ನಮಗಿಂತ ಜೋರಾಗಿ ನಗ್ತಿದ್ದ."

ಆ ವಾರ ಅವಳು ಕೆಲಸಕ್ಕೆ ಹೋದಳು. ಅವಳದ್ದು ನಗರದ ನೀರು ಪರೀಕ್ಷಿಸುವ ಲ್ಯಾಬು. ಬೇರೆ ಬೇರೆ ಬಡಾವಣೆಯ ನಲ್ಲಿಗಳಿಂದ ಬಂದ ಬಾಟಲಿಗಳನ್ನು ಗಾಡಿಯಲ್ಲಿಟ್ಟುಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ತಳ್ಳಿಕೊಂಡು ಹೋಗಬೇಕು. ಕಾರಿಡಾರಿನ ತಿರುವಿನಲ್ಲಿ ಅವಳಿಗೇ ಗೊತ್ತಿಲ್ಲದೆ ಗಾಡಿಯನ್ನು ಹೊರಬದಿಗೆ ಒಯ್ದು, ಒಳಬದಿಗೆ ಕತ್ತರಿಸಿ, "ಈಗ!" ಎಂದು ಒತ್ತಿದಳು. ಬಾಟಲಿಗಳು ಹಲ್ಲು ಕಡಿದ ಹಾಗೆ ಕಟಕಟ ಅಂದವು. ಎದುರಿಗೆ ಬರುತ್ತಿದ್ದ ಟೈಪಿಸ್ಟು ಗೋಡೆಗೆ ಅಂಟಿ ನಿಂತು, "ಪಾಪ, ಗಂಡ ಹೋದ ಮೇಲೆ ಮೈಮೇಲೆ ಎಚ್ಚರ ಇಲ್ಲ," ಎಂದು ಆಫೀಸಿಗೆಲ್ಲ ಹೇಳಿದಳು. ಅವಳಿಗೆ ಎಚ್ಚರವಿತ್ತು. ಬಹಳ ದಿನದ ಮೇಲೆ ಅಂದು ಮಧ್ಯಾಹ್ನದ ಊಟಕ್ಕೆ ಉಪ್ಪು ಕಮ್ಮಿ ಅನ್ನಿಸಿತು.

ಎರಡನೇ ರೇಸಿನಲ್ಲಿ ಸ್ಟೀರಿಂಗ್ ಕೈಕೊಟ್ಟಿತು. ಬಲಕ್ಕೆ ಬೆಣ್ಣೆಯ ಹಾಗೆ ತಿರುಗುತ್ತಿದ್ದದ್ದು ಎಡಕ್ಕೆ ತಿರುಗಿಸಿದರೆ ಕಿರ್ರೆಂದು ಹಟ ಹಿಡಿದು ನಿಲ್ಲುತ್ತಿತ್ತು. ಎಡ ತಿರುವುಗಳಲ್ಲೆಲ್ಲ ಹಳದಿ ಕಾರು ಹುಲ್ಲು ಮೇಯಲು ಹೋಯಿತು.

"ತಿರುಗೋ, ಹಾಳಾದ್ದೇ!" ಎಂದು ಕಿರುಚಿದಳು.

"ಕೆಳಗಡೆ, ಬಲ ಮೂಲೇಲಿ ಒಂದು ಏಟು ಕೊಡಿ ಮೇಡಂ," ಎಂದ ಬುಲ್ಡೋಜರ್. "ಗಟ್ಟಿಯಾಗಿ. ಮುಲಾಜು ಬೇಡ."

ಕೊಟ್ಟಳು. ಸ್ಟೀರಿಂಗ್ ಒಂದು ನಿಟ್ಟುಸಿರು ಬಿಟ್ಟು ಸರಿಹೋಯಿತು. ಆಮೇಲೆ ಅತ್ತೆಯ 'ಒತ್ತು' ಮತ್ತು ಇವಳ ಒತ್ತು ಎಷ್ಟು ಹದವಾಗಿ ಕೂಡಿಬಂತೆಂದರೆ, ಕೊನೆಯ ಸುತ್ತಿನಲ್ಲಿ ಮುಂದೆ ಒಂದು ಕಾರಿನ ಬಾಲ ಕಂಡಿತು. ಎಂದಿನಂತೆ ಯಾರಿಗೋ ಗುದ್ದಿ, ಗಿರಗಿರ ತಿರುಗಿ, ಉಲ್ಟಾ ಮುಖ ಮಾಡಿ ನಿಂತಿದ್ದ ಬುಲ್ಡೋಜರನ ಕಾರು. ಅವಳು ಅವನ ಪಕ್ಕದಿಂದಲೇ ಸುಂಯ್ಯನೆ ಹಾದುಹೋದಳು. ಹಾದುಹೋಗುವಾಗ ಬಾಯಿಂದ ತಾನಾಗಿಯೇ ಬಂತು:

"ಸಾರಿ."

ಅತ್ತೆಯ ಕೈ ಅವಳ ತೊಡೆಯ ಮೇಲೆ ಬಿಗಿಯಾಯಿತು. ಆಮೇಲೆ ಬುಲ್ಡೋಜರ್, "ಪರವಾಗಿಲ್ಲ ಸಾಹೇಬ್ರೆ," ಅಂದ.

ಅವಳು ಕೊನೆಯಿಂದ ಎರಡನೆಯವಳಾದಳು.

ಆದರೆ ಕಿವಿಯಲ್ಲಿ ಉಳಿದದ್ದು ಬೇರೆ ಮಾತು. ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. "ಅತ್ತೆ, ಎಲ್ಲಿ ತಟ್ಟಬೇಕು ಅಂತ ಅವನಿಗೆ ಹೇಗೆ ಗೊತ್ತಾಯ್ತು?"

ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಹೇಳಿದ್ರೆ ನೀನು ನಗ್ತೀಯ ಅಂದಿದ್ನಲ್ಲ..."

ಅನೌನ್ಸರ್ ಅಕ್ಕನಿಂದ ನಂಬರು ತೆಗೆದುಕೊಂಡು ಫೋನು ಹಚ್ಚಿದರು. ಬುಲ್ಡೋಜರ್ ಮೊದಲು ಹಾ ಹೂ ಎಂದ. ಅತ್ತೆ ಒಂದು ಸಲ ಗದರಿದ ಮೇಲೆ ಒಪ್ಪಿಕೊಂಡ. ಸ್ಟೀರಿಂಗ್ ಅವನದ್ದೇ.

"ಈ ಲೀಗಲ್ಲಿ ಒಬ್ಬರ ಮುಂದೂ ಬಾಯಿ ಬಿಡಬೇಡಿ ಮೇಡಂ, ನನ್ನ ಮರ್ಯಾದೆ ಪ್ರಶ್ನೆ. ನಮ್ಮ ಬಿಲ್ಡಿಂಗಿನ ಲಿಫ್ಟಲ್ಲಿ ನಾನು ಸಿಕ್ಕಿಹಾಕ್ಕೊಂಡಿದ್ದೆ. ಬಿಡಿಸೋಕೆ ಬಂದೋರು ನಿಮ್ಮ ಯಜಮಾನ್ರು. ನಾನು ಹೆದರಬಾರದು ಅಂತ ಹೊರಗಿಂದ ಏನೇನೋ ಮಾತಾಡ್ತಾ ಇದ್ರು. ಮಾತಾಡ್ತಾ ಮಾತಾಡ್ತಾ ಇಬ್ಬರೂ ಒಂದೇ ಲೀಗು ಅಂತ ಗೊತ್ತಾಯ್ತು. ಬಾಗಿಲು ತೆಗೆದೋರೇ 'ಸಾರಿ' ಅಂದ್ರು! ಆಮೇಲೆ ಒಂದಿನ ಅವರ ಸ್ಟೀರಿಂಗ್ ಹಾಳಾಯ್ತು ಅಂದ್ರು."

"ಚಹಾ," ಎಂದು ಮೆಲ್ಲಗೆ ಅಂದರು ಅತ್ತೆ.

"ನನ್ನದು ತಗೊಳ್ಳಿ, ನಾನು ಕೈಯಲ್ಲಿ ಹಿಡಿಯೋ ರಿಮೋಟಲ್ಲೇ ಓಡಿಸ್ತೀನಿ, ನಿಮ್ಮನ್ನ ಸೋಲಿಸೋಕೆ ನನಗೆ ಎರಡು ಹೆಬ್ಬೆರಳು ಸಾಕು ಅಂತ ಜಂಬ ಕೊಚ್ಚಿದೆ. ಆ ಹೆಬ್ಬೆರಳಲ್ಲಿ ಬ್ರೇಕು ಸಿಗದೆ ಸೀಸನ್ ಪೂರ್ತಿ ಕಂಡಕಂಡೋರಿಗೆ ಗುದ್ದಿದ್ದೀನಿ. ಮೊದಲು ನನ್ನ ಹೆಸರು ಬುಲ್ಡೋಜರ್ ಅಲ್ಲ ಮೇಡಂ, ಬೆಣ್ಣೆ ಅಂತಿದ್ರು. ಕಡೆಗೆ ಆ ಮನುಷ್ಯ ನನ್ನ ಸ್ಟೀರಿಂಗ್ ಹಿಡ್ಕೊಂಡೇ ನನ್ನನ್ನ ಸೋಲಿಸಿ ಗೆದ್ರಲ್ಲ! ಇದನ್ನ ಹೊರಗೆ ಹೇಳ್ಕೊಂಡು ತಿರುಗೋಕಾಗುತ್ತಾ?"

ಅವಳು ನಗು ನುಂಗಿಕೊಂಡಳು. "ನಾಳೇನೇ ತಂದುಕೊಡ್ತೀನಿ. ಕೊನೇ ರೇಸಾದ್ರೂ ನೀವು ಸರಿಯಾಗಿ ಓಡಿಸಿ."

"ಬೇಡ. ಸೀಸನ್ ಮುಗಿದ ಮೇಲೆ ಅಂತ ಮಾತಾಗಿದೆ. ಮುಗೀಲಿ."

ಕೊನೆಯ ರೇಸು ಉದ್ದದ್ದು. ಸೀಸನ್ನಿನ ಕೊನೆಯದೆಂದು ಸುತ್ತುಗಳು ಹೆಚ್ಚು. "ಪೆಟ್ರೋಲು ನೋಡ್ಕೊಂಡ್ರಾ?" ಎಂದು ಅನೌನ್ಸರ್ ಅಕ್ಕ ಶುರುವಿನಲ್ಲೇ ಕೇಳಿದರು. ತೆರೆಯೂ ಎಂದಿನಂತೆ 'ಬದಲಿಸಬೇಕೇ?' ಎಂದಿತು. ಅವಳು ಎಂದಿನಂತೆ ಬೇಡ ಎಂದು ಒತ್ತಿದಳು. ಅವನು ಇಟ್ಟದ್ದು ಇಟ್ಟ ಹಾಗೇ ಇರಲಿ.

ಅವನು ಇಟ್ಟದ್ದು ಅವನ ಕಾಲಿಗೆ ತಕ್ಕಂತೆ. ಹೂವಿನ ಮೇಲೆ ನಡೆದಂತೆ ಓಡಿಸುವವನಿಗೆ ಆ ಪೆಟ್ರೋಲು ಎಷ್ಟು ಸುತ್ತಿಗೂ ಸಾಕು. ಇಲ್ಲಿ ಅತ್ತೆ ಪ್ರತಿ ತಿರುವಿಗೂ "ಒತ್ತು!" ಅನ್ನುತ್ತಿದ್ದರು, ಸೊಸೆ ಪ್ರತಿ ತಿರುವಿಗೂ ಪಾಚಿಯ ಎರಡು ಸಂಪುಟ ನೆಲಕ್ಕಿಳಿಯುವ ಹಾಗೆ ಒತ್ತುತ್ತಿದ್ದಳು. ಅಂದು ಅವಳು ಮೂವರನ್ನು ಹಿಂದಿಕ್ಕಿದಳು. ಮೂವರಿಗೂ ಸಾರಿ ಅಂದಳು. ಮೂರನೆಯವನು, "ಇಷ್ಟು ಖುಷಿಯಾಗಿ ಯಾರಾದ್ರೂ ಸಾರಿ ಕೇಳ್ತಾರಾ!" ಎಂದು ರೇಗಿದ. ಅವಳ ಕೆನ್ನೆ ಬಿಸಿಯಾಗಿತ್ತು. ಅಂಗೈ ಬೆವರಿತ್ತು. ಎಡ ತಿರುವಿಗೊಮ್ಮೆ ಸ್ಟೀರಿಂಗಿಗೆ ಒಂದು ಏಟು, ಮುಂದಕ್ಕೊಂದು ಜಿಗಿತ. ಹೀಗೆ ಬರಿಗಾಲಲ್ಲಿ ಬೀದಿಯ ತುದಿಯವರೆಗೆ ಯಾಕೆ ಓಡಬೇಕೆನ್ನಿಸುತ್ತದೆ ಎಂದು ಅವಳಿಗೆ ಆಗ ತಿಳಿಯಿತು.

ಕೊನೆಯ ಸುತ್ತಿನ ಕೊನೆಯ ತಿರುವು ದಾಟಿದ್ದೇ ಎಂಜಿನ್ನು ಎರಡು ಸಲ ಬಿಕ್ಕಿತು. ಮೂರನೆಯ ಸಲ ಸುಮ್ಮನಾಯಿತು.

"ಒತ್ತು!"

"ಒತ್ತಿದ್ದೀನಿ ಅತ್ತೆ! ಪೆಟ್ರೋಲಿಲ್ಲ!"

ಗೆರೆ ಕಣ್ಣೆದುರಿಗೇ ಇತ್ತು. ಆ ಕೊನೆಯ ದಾರಿ ಸ್ವಲ್ಪ ಏರು. ಹಳದಿ ಕಾರು ನಿಂತಿತು. ಹಿಂದಿಕ್ಕಿಸಿಕೊಂಡ ಮೂವರೂ ಅವಳನ್ನು ದಾಟಿ ಹೋದರು. ಗೆದ್ದವನು ಎಂದೋ ಗೆರೆ ದಾಟಿದ್ದ. ತೆರೆಯ ಮೂಲೆಯಲ್ಲಿ ಐದು ನಿಮಿಷದ ಗಡುವಿನ ಗಡಿಯಾರ ಕೆಂಪಗೆ ಓಡುತ್ತಿತ್ತು. ಅವಳು ಕೈಯನ್ನು ಸ್ಟೀರಿಂಗಿನ ಮೇಲೆ ಹಾಗೇ ಇಟ್ಟುಕೊಂಡು ಕೂತಳು. ಬದಲಿಸಬೇಕೇ ಎಂದು ಪಾಪ ಎಷ್ಟು ಸಲ ಕೇಳಿತ್ತು. ಅವನ ಒಂದೇ ಒಂದು ಗೆಲುವು ಇನ್ನು ಅಳಿಸಿಹೋಗುತ್ತದೆ. ಅವನದ್ದು ಏನನ್ನೂ ಮುಟ್ಟಬಾರದೆಂದು ಕಾಪಾಡಿದ್ದೇ ಅದಕ್ಕೆ ಕಾರಣ.

"ಹಿಂದೆ ಯಾರೋ ಬರ್ತಿದ್ದಾರೆ," ಅಂದರು ಅತ್ತೆ.

ಕನ್ನಡಿಯಲ್ಲಿ ಒಂದು ಕಾರು ಕಾಣಿಸಿತು. ಮುಂದಿನ ದೀಪವೊಂದು ನೇತಾಡುತ್ತಿತ್ತು, ಬಾಗಿಲು ಒಂದೇ ಉಳಿದಿತ್ತು. ಇಡೀ ಲೀಗಿನಲ್ಲಿ ಅಂಥ ಅವತಾರ ಒಬ್ಬನದ್ದೇ. ಇವಳು ಗೆರೆ ದಾಟದಿದ್ದರೆ ಗೆಲುವು ಹೋಗಿ ಸೇರುವುದೂ ಅವನಿಗೇ.

"ಮೇಡಂ," ಎಂದ ಬುಲ್ಡೋಜರ್. "ನ್ಯೂಟ್ರಲ್‌ಗೆ ಹಾಕಿ. ಸ್ಟೀರಿಂಗ್ ನೆಟ್ಟಗೆ ಹಿಡ್ಕೊಳ್ಳಿ. ಗುದ್ತೀನಿ."

"ಏನು?"

"ನನಗೆ ಬರೋದು ಅದೊಂದೇ!"

ಧಡ್! ಹಳದಿ ಕಾರು ಮುಂದಕ್ಕೆ ಚಿಮ್ಮಿ ವಾಲಿತು. ಅವಳು ಸ್ಟೀರಿಂಗ್ ಎಳೆದು ನೆಟ್ಟಗೆ ಮಾಡಿದಳು. ಇನ್ನೊಂದು ಧಡ್. ಎರಡು ಹೆಬ್ಬೆರಳಿನ ತಳ್ಳುವಿಕೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಬಲಕ್ಕೆ ವಾಲಿದಾಗ ಎಡಕ್ಕೆ ತಿರುಗದೆ ಸ್ಟೀರಿಂಗ್ ಹಟ ಹಿಡಿಯಿತು. ಏಟು ಕೊಡಲು ಇವಳ ಕೈಗೆ ಬಿಡುವಿರಲಿಲ್ಲ. ಅತ್ತೆ ಮೇಜಿನ ಕೆಳಗೆ ಬಗ್ಗಿ ಬಲ ಮೂಲೆಗೆ ಮುಷ್ಟಿಯಿಂದ ಒಂದು ಬಿಟ್ಟರು.

"ಬಂತು, ಬಂತು!" ಅತ್ತೆ ಅಲ್ಲಿಂದಲೇ ತಲೆ ಎತ್ತಿ ಕೂಗಿದರು. "ತಲೆ ಕಾಣಿಸ್ತು! ಇನ್ನೊಂದೇ ಸಲ! ಅಣ್ಣಾ, ಒತ್ತಪ್ಪಾ!"

"ಒತ್ತುತ್ತಾ ಇದ್ದೀನಮ್ಮಾ!"

ಮೈಕಿನಲ್ಲಿ ಇಪ್ಪತ್ತು ಚಿಲ್ಲರೆ ಜನ, ರೇಸು ಮುಗಿಸಿದವರು, ಮುಗಿಸದವರು, ಅಡುಗೆಮನೆಯಿಂದ ಓಡಿಬಂದ ಹೆಂಡತಿಯರು, ಎಲ್ಲ ಒಂದೇ ದನಿಯಲ್ಲಿ "ಒತ್ತು! ಒತ್ತು!" ಎಂದು ಕೂಗತೊಡಗಿದರು. ಹಳದಿ ಕಾರು ಅಡ್ಡಡ್ಡಲಾಗಿ, ಏಡಿ ನಡೆದ ಹಾಗೆ ಗೆರೆ ದಾಟಿತು. ಗಡಿಯಾರ ಇನ್ನೂ ಕೆಂಪಗೆ ಓಡುತ್ತಿತ್ತು.

"ದಯವಿಟ್ಟು ಗಮನಿಸಿ," ಅನೌನ್ಸರ್ ಅಕ್ಕನ ದನಿ ಮೊದಲ ಸಲ ಒಡೆದಿತ್ತು. "ಹಳದಿ ಕಾರು... ಹಳದಿ ಕಾರು ಬಂದು ತಲುಪಿದೆ."

"ಅಕ್ಕ, ಹಾಗೆ ತಳ್ಳಬಹುದಾ?" ಯಾರೋ ಅನುಮಾನದಿಂದ ಕೇಳಿದರು.

"ಹಿಂದಿನಿಂದ ಗುದ್ದಿದ್ರೆ ಗುದ್ದಿದವರಿಗೆ ದಂಡ. ಗುದ್ದಿಸ್ಕೊಂಡೋರ ಫಲಿತಾಂಶಕ್ಕೆ ಧಕ್ಕೆ ಇಲ್ಲ. ನಿಯಮ ಅಂದ್ರೆ ನಿಯಮ."

"ಹಾಕಿ ಅಕ್ಕ, ಹಾಕಿ," ಎಂದ ಬುಲ್ಡೋಜರ್. "ನನ್ನ ಹೆಸರಿನ ಮುಂದೆ ದಂಡ ಇಲ್ಲದಿದ್ರೆ ನಾನೇ ಅಂತ ಗುರುತು ಸಿಗಲ್ಲ."

ಇಡೀ ಸೀಸನ್ನಿನ ಪಟ್ಟಿ ತೆರೆಯ ಮೇಲೆ ಬಂತು. ಐದನೇ ರೇಸು, ಮೊದಲ ಸ್ಥಾನ: ಸಾರಿ ಸಾಹೇಬ್ರು. ಅವಳು ಓದಿದಳು. ಅತ್ತೆ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು. ಇವಳ ಗಲ್ಲದಿಂದ ಏನೋ ತೊಟ್ಟಿಕ್ಕಿ ಸ್ಟೀರಿಂಗಿನ ಮೇಲೆ ಬಿತ್ತು. ಅತ್ತೆ ಗಾಬರಿಯಿಂದ ಸೆರಗಿನ ತುದಿ ಹಿಡಿದು ಓಡಿಬಂದರು.

"ಅಳು, ಬೇಡ ಅನ್ನಲ್ಲ. ಸ್ವಲ್ಪ ಈ ಕಡೆ ತಿರುಗಿ ಅಳು. ಇನ್ನೊಬ್ಬರ ವಸ್ತು, ಒಂದನ್ನ ನಾನು ಈಗಾಗಲೇ ಹಾಳು ಮಾಡಿದ್ದೀನಿ."

ಅವಳು ಆ ಕಡೆ ತಿರುಗಿ ಅತ್ತಳು. ನಡುನಡುವೆ ನಕ್ಕಳು ಕೂಡ. ಎರಡನ್ನೂ ಬೇರೆ ಮಾಡಲು ಆಗಲಿಲ್ಲ, ಮಾಡಲು ಹೋಗಲೂ ಇಲ್ಲ.

ಮರುದಿನ ಹಿಡಿಕೆಗಳನ್ನು ಬಿಚ್ಚಿದಾಗ ಮೇಜಿನ ಅಂಚಿನಲ್ಲಿ ಎರಡು ಕುಳಿ ಬಿದ್ದಿದ್ದವು. ಅತ್ತೆ ಅವುಗಳ ಮೇಲೆ ಕೈಯಾಡಿಸಿ, "ಇರಲಿ," ಅಂದರು. ಪೆಡಲುಗಳನ್ನು ಚೀಲಕ್ಕೆ ಹಾಕಿಕೊಂಡು, ಸ್ಟೀರಿಂಗನ್ನು ಅವಳು ತೊಡೆಯ ಮೇಲಿಟ್ಟುಕೊಂಡು, ಅತ್ತೆ ಸೊಸೆ ಬಸ್ಸು ಹತ್ತಿದರು. ಬಸ್ಸಿನವರೆಲ್ಲ ತಿರುಗಿ ತಿರುಗಿ ನೋಡಿದರು.

"ಡ್ರೈವರಣ್ಣನಿಗೆ ಹೇಳಿ," ಎಂದರು ಅತ್ತೆ ಕಂಡಕ್ಟರನಿಗೆ, "ಅವರದ್ದು ಕೈಕೊಟ್ರೆ ನಮ್ಮ ಹತ್ರ ಇನ್ನೊಂದಿದೆ."

ಬುಲ್ಡೋಜರನ ಜಾಗ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟು ಸದ್ದಿಲ್ಲದೆ ಏರಿ, ಒಂದು ಕೂದಲೆಳೆ ಹೆಚ್ಚು ಕಮ್ಮಿಯಿಲ್ಲದೆ ನೆಲದ ಮಟ್ಟಕ್ಕೆ ನಿಂತಿತು. "ನನ್ನ ಮಗನ ಕೆಲಸ," ಎಂದು ಅತ್ತೆ ಯಾರಿಗೋ ಹೇಳಿದಂತೆ ಹೇಳಿ ಹೊರಗೆ ಕಾಲಿಟ್ಟರು.

ಎದುರಿಗಿದ್ದ ಬಾಗಿಲಿನ ಬೋರ್ಡು ಓದಿ ಅವಳು ಗೋಡೆ ಹಿಡಿದುಕೊಂಡಳು. ಡ್ರೈವಿಂಗ್ ಸ್ಕೂಲು. ಒಳಗೆ ಗೋಡೆಯ ತುಂಬ ರಸ್ತೆಯ ಚಿಹ್ನೆಗಳು, ಅವುಗಳ ನಡುವೆ ದೊಡ್ಡ ಅಕ್ಷರದಲ್ಲಿ 'ಮುಂದಿನ ವಾಹನದಿಂದ ಅಂತರವಿರಲಿ'. ಅದರ ಕೆಳಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಅರ್ಧ ತಲೆ ನರೆತ, ತೆಳ್ಳನೆಯ ಮನುಷ್ಯರೊಬ್ಬರು ಎದ್ದು ನಿಂತಿದ್ದರು.

"ನಗಬೇಡಿ ಮೇಡಂ," ಎಂದರು ಬುಲ್ಡೋಜರ್, ತಗ್ಗಿದ ದನಿಯಲ್ಲಿ. "ಒಳಗೆ ಪಾಠ ನಡೀತಿದೆ."

ಅವಳು ತುಟಿ ಕಚ್ಚಿಕೊಂಡು ಸ್ಟೀರಿಂಗನ್ನು ಮುಂದಕ್ಕೆ ಚಾಚಿದಳು. ಅವರು ಎರಡೂ ಕೈಯಿಂದ ಹಿಡಿದುಕೊಂಡರು. ಅವಳ ಕೈ ಬಿಡಲಿಲ್ಲ. ಒಂದು ಗಳಿಗೆ ನಾಲ್ಕು ಕೈಗಳೂ ಅದರ ಮೇಲೇ ಇದ್ದವು. ಅವರು ಎಳೆಯಲಿಲ್ಲ. ಕಿಟಕಿಯಾಚೆ, ಕೆಳಗಿನ ರಸ್ತೆಯಲ್ಲಿ ಕಲಿಯುವವರ ಕಾರೊಂದು ಕುಪ್ಪಳಿಸಿ ನಿಂತಿತು.

"ಎಡಕ್ಕೆ ಸ್ವಲ್ಪ ಬಿಗಿ," ಎಂದಳು. "ಬಲ ಮೂಲೇಲಿ..."

"ಗೊತ್ತು ಮೇಡಂ."

"ಹ್ಞಾಂ. ನಿಮ್ಮದೇ ಅಲ್ವಾ," ಎಂದಳು. "ಸಾರಿ."

ಕೈ ಬಿಟ್ಟಳು.